ಕೂಸಿನ ಮೈಮೇಲಿನ ಕೂದಲು

ಹುಮನಾಬಾದಿನ ಲಲಿತಾಬಾಯಿಗೆ ಕೂದಲೆಂದರೆ ಹೇಸಿಗೆ. ತಲೆಯ ಮೇಲಿದ್ದರೆ ಸರಿ, ಎಣ್ಣೆ ಹಚ್ಚಿ ಬಾಚಿ ಹೆರಳು ಹಾಕಿದರೆ ಅದಕ್ಕೊಂದು ಮರ್ಯಾದೆ ಇದೆ. ಅಲ್ಲಿಂದ ಬೆರಳಗಲ ಕೆಳಗಿಳಿದು ಹಣೆಗೋ ತುಟಿಗೋ ಬಂತೆಂದರೆ ಅವಳ ಪಾಲಿಗೆ ಅದು ಹೊಲಸು. ಇಂಥವಳು ಮನೆಯ ಪಡಸಾಲೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡು ಅರ್ಧ ಆಯುಷ್ಯವನ್ನು ಊರ ಹೆಂಗಸರ ಕೂದಲು ಕೀಳುತ್ತ ಕಳೆದಳು ಎಂದರೆ ನಗು ಬರಬಹುದು. ನಗುವವರು ಒಮ್ಮೆ ಬೇಸಿಗೆಯ ಮಧ್ಯಾಹ್ನ ಆ ಪಡಸಾಲೆಯಲ್ಲಿ ಕೂತು ನೋಡಬೇಕು.

ಬಾಗಿಲಿಗೆ ದಪ್ಪ ಪರದೆ. ಒಳಗೆ ಗಾಳಿಯಾಡುವುದಿಲ್ಲ. ವಿದ್ಯುತ್ ಒಲೆಯ ಮೇಲೆ ಸಕ್ಕರೆ, ಲಿಂಬೆರಸ ಕಾಯ್ದು ವ್ಯಾಕ್ಸ್ ಆಗುವ ಸುಟ್ಟ ವಾಸನೆ. ಅದರೊಳಗೆ ಬಗಲಿನ ಬೆವರು, ಪೌಡರು. ಕೂದಲು ಉದುರಿಸುವ ಕ್ರೀಮಿನ ಟ್ಯೂಬು ಯಾರಾದರೂ ತೆರೆದರಂತೂ ಮುಗಿಯಿತು. ತತ್ತಿ ಮುಟ್ಟದ ಮನೆಯವಳಾದ ಲಲಿತಾಬಾಯಿ ಕೊಳೆತ ತತ್ತಿಯ ವಾಸನೆ ಹೇಗಿರುತ್ತದೆಂದು ಕಲಿತದ್ದು ಆ ಟ್ಯೂಬಿನಿಂದಲೇ. ಕಾಲಿಗೆ ಬಟ್ಟೆಯ ಪಟ್ಟಿ ಅಂಟಿಸಿ ಚರ್ ಎಂದು ಎಳೆದರೆ, ಪಟ್ಟಿಯ ತುಂಬ ಕರಿ ಕೂದಲು, ಬುಡದಲ್ಲಿ ಸಣ್ಣ ಬಿಳಿ ಗುಳ್ಳೆ ಸಮೇತ. ಅವನ್ನು ಬಕೆಟ್ಟಿಗೆ ಒಗೆಯುವಾಗ ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು. ಊಟಕ್ಕೆ ಕೂತರೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗಲು ನೋಡದೆ ಮುರಿಯುತ್ತಿರಲಿಲ್ಲ.

ಹೇಸಿಗೆ ಬರೀ ಕೂದಲಿನದಾಗಿದ್ದರೆ ಅವಳು ಸಹಿಸಿಕೊಂಡಾಳು. ಅದರ ಜೊತೆ ಬರುವ ಮಾತುಗಳಿದ್ದವಲ್ಲ, ಅವು ಇನ್ನೂ ಹೊಲಸು. ನೋಡಲು ಗಂಡಿನವರು ಬರುತ್ತಾರೆಂದು ಮಗಳನ್ನು ದರದರ ಎಳೆದುಕೊಂಡು ಬರುವ ತಾಯಂದಿರು, "ಈ ಕರಡೀನ ಒಂದೀಟು ಮನಷಾಳಂಗ ಮಾಡ್ರಿ" ಎಂದು ಹತ್ತು ಮಂದಿಯ ಮುಂದೆ ಹೇಳುತ್ತಿದ್ದರು. ಮದುವೆಯಾಗಿ ವರ್ಷ ತುಂಬದ ಹುಡುಗಿಯರು ಕಿವಿಯ ಹತ್ತಿರ ಬಗ್ಗಿ, "ನಮ್ಮನ್ಯಾಗಿನವ್ರು ಹೇಸಿಗಿ ಪಡತಾರ್ರಿ" ಎಂದು ಪಿಸುಗುಟ್ಟುತ್ತಿದ್ದರು. ಆ ಮನೆಯವರನ್ನು ಲಲಿತಾಬಾಯಿ ಪೇಟೆಯಲ್ಲಿ ನೋಡಿರುತ್ತಿದ್ದಳು. ಕಿವಿಯೊಳಗಿಂದ ಮೆಕ್ಕೆಜೋಳದ ತೆನೆಯ ಹಾಗೆ ಜುಟ್ಟು ಹೊರಟಿದ್ದ, ಅಂಗಿಯ ಗುಂಡಿ ಬಿಚ್ಚಿಕೊಂಡು ಎದೆ ಕೆರೆದುಕೊಳ್ಳುವ ಪುಣ್ಯಾತ್ಮರು. ಥೂ ಎನ್ನಿಸುತ್ತಿತ್ತು ಅವಳಿಗೆ. ಥೂ ಎಂದುಕೊಂಡೇ ಆ ಹುಡುಗಿಯರ ಕಾಲಿಗೆ ಬಿಸಿ ವ್ಯಾಕ್ಸ್ ಹಚ್ಚುತ್ತಿದ್ದಳು.

ಈ ಹೇಸಿಗೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿಸಿದ್ದು. ಅವಳ ತವರು ಬೇಮಳಖೇಡ. ಏಳನೇ ತರಗತಿಯಲ್ಲಿ ಅವಳ ಮೇಲ್ದುಟಿಯ ಮೇಲೆ ಮಸಿ ಎಳೆದ ಹಾಗೆ ಕಪ್ಪು ಕಂಡಾಗ ಶಾಲೆಯ ಹುಡುಗರು ಮೀಸಿ ಲಲ್ಲಿ ಎಂದು ಹೆಸರಿಟ್ಟರು. ಅಳುತ್ತ ಮನೆಗೆ ಬಂದ ಮೊಮ್ಮಗಳನ್ನು ಅಜ್ಜಿ ಸಮಾಧಾನ ಮಾಡಲಿಲ್ಲ, ಸೊಸೆಯ ಕಡೆ ಕೈ ತೋರಿಸಿದಳು. "ಇಕಿ ಸಣ್ಣಾಕಿದ್ದಾಗ ಹಿಟ್ಟು ತಿಕ್ಕಲಿಲ್ಲ. ಹೊಲಕ್ಕ ಕಳೇವು ತಗ್ಯಾಕ ಓಡಿದ್ಲು. ಈಗ ನೋಡ್ರಿ, ಮಗಳಿಗೆ ಮೀಸಿ ಬಂದಾವ."

ಹಿಟ್ಟು ತಿಕ್ಕುವುದೆಂದರೆ ಈ ಕಡೆಯ ಮನೆಮನೆಯ ರೂಢಿ. ಗೋದಿ ಹಿಟ್ಟಿಗೆ ಎಣ್ಣೆ, ಅರಿಶಿಣ, ಹಾಲಿನ ಕೆನೆ ಹಾಕಿ ನಾದಿ ಉಂಡೆ ಮಾಡಿ, ಹಸುಗೂಸಿನ ಬೆನ್ನು, ಹೆಗಲು, ಹಣೆಯ ಮೇಲೆ ಉರುಳಿಸಿ ಉರುಳಿಸಿ ತಿಕ್ಕುತ್ತಾರೆ. ಮೈಮೇಲಿನ ನಯಗೂದಲು ಹಿಟ್ಟಿಗೆ ಹತ್ತಿ ಬರುತ್ತದೆ, ಆಮೇಲೆ ಜನ್ಮದಲ್ಲಿ ಬೆಳೆಯುವುದಿಲ್ಲ ಎಂದು ನಂಬಿಕೆ. ಬೆಳೆಯಿತೆಂದರೆ ತಪ್ಪು ತಾಯಿಯದು. ಲಲಿತಾಬಾಯಿಯ ತಾಯಿ ಆ ತಪ್ಪನ್ನು ಸಾಯುವವರೆಗೂ ಹೊತ್ತಳು. ಮಗಳ ತುಟಿಗೆ ಒಲೆಯ ಬೂದಿ ಹಚ್ಚಿ ಚಿಮಟಿಗೆಯಿಲ್ಲದೆ ಬೆರಳಿನಿಂದಲೇ ಕೀಳುವಾಗ ಮಗಳಿಗಿಂತ ಹೆಚ್ಚು ಅವಳೇ ಅಳುತ್ತಿದ್ದಳು. ಯಾರೋ ಹೇಳಿದರೆಂದು ಹರತಾಳದ ಹಳದಿ ಪುಡಿಯನ್ನು ಸುಣ್ಣದಲ್ಲಿ ಕಲಸಿ ಹಚ್ಚಿದ್ದೂ ಉಂಟು. ಕೂದಲು ಹೋಯಿತು, ಜೊತೆಗೆ ತುಟಿಯ ಚರ್ಮವೂ ಹೋಯಿತು. ಆ ಹಸಿ ಗಾಯದ ಮೇಲೆ ನೊಣ ಕೂರುವುದನ್ನು ತಡೆಯಲು ಲಲಿತಾ ವಾರಗಟ್ಟಲೆ ಮುಖಕ್ಕೆ ಬಟ್ಟೆ ಹಿಡಿದುಕೊಂಡು ತಿರುಗಿದಳು.

ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೆ ಪಕ್ಕದ ಓಣಿಯ ಹಜಿರಾ ಬೀ ಅವಳಿಗೆ ದಾರ ಹಿಡಿಯುವುದನ್ನು ಕಲಿಸಿದಳು. ಹೊಲಿಗೆ ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಬೆರಳಿನಲ್ಲಿ, ನಡುವೆ ಕತ್ತರಿಯಂತೆ ಆಡುವ ಗಂಟು. ಮೊದಲ ದಿನ ಹಜಿರಾ ಬೀ ಅವಳ ತುಟಿಯ ಮೇಲೆ ದಾರ ಆಡಿಸಿ ಕನ್ನಡಿ ಕೊಟ್ಟಾಗ ಲಲಿತಾಬಾಯಿ ಬಹಳ ಹೊತ್ತು ಕನ್ನಡಿ ಕೆಳಗಿಡಲಿಲ್ಲ. ಕಿರಾಣಿ ಅಂಗಡಿಯಲ್ಲಿ ಕೂರುವ ಗಂಡ ಬಸವಣಪ್ಪನಿಗೆ ಆ ಸಂಜೆ ಏನೂ ಗೊತ್ತಾಗಲಿಲ್ಲ. ಅವನಿಗೆ ಹಿಂದೆಯೂ ಅಲ್ಲಿ ಏನೂ ಕಂಡಿರಲಿಲ್ಲವಂತೆ. ಅದನ್ನು ಕೇಳಿ ಅವಳಿಗೆ ಖುಷಿಯಾಗುವುದರ ಬದಲು ಸಿಟ್ಟು ಬಂತು.

ಮಗಳು ಮನೀಷಾ ಹುಟ್ಟಿದಾಗ ಲಲಿತಾಬಾಯಿ ಬಾಣಂತಿಯ ಮಂಚದಿಂದ ಎದ್ದೆದ್ದು ಬಂದು ತಾನೇ ಹಿಟ್ಟು ತಿಕ್ಕಿದ್ದಳು. ಆದರೂ ಹುಡುಗಿಗೆ ದೊಡ್ಡವಳಾಗುತ್ತ ಕೈಮೇಲೆ ಕೂದಲು ಬಂತು. ಬಂದದ್ದನ್ನು ಯಾರಿಗೂ ಕಾಣಗೊಡದೆ ತಾಯಿಯೇ ತೆಗೆಯುತ್ತ ಬಂದಳು. ಬಸವಕಲ್ಯಾಣದಿಂದ ಹೆಣ್ಣು ನೋಡಲು ಬಂದ ಭಾಗಮ್ಮ, ಹುಡುಗನ ತಾಯಿ, "ಬಳಿ ಅಳತಿ ನೋಡಬೇಕ್ರಿ" ಎಂದು ನೆಪ ಹೇಳಿ ಮನೀಷಾಳ ತೋಳನ್ನು ಮೊಣಕೈವರೆಗೆ ಸರಿಸಿ, ಹೆಬ್ಬೆರಳಿನಿಂದ ಮೇಲೆ ಕೆಳಗೆ ಸವರಿ ನೋಡಿದ್ದಳು. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. ಹಿಂದಿನ ದಿನವೇ ವ್ಯಾಕ್ಸ್ ಆಗಿದ್ದ ಕೈ ನುಣ್ಣಗಿತ್ತು. ಭಾಗಮ್ಮ ತಲೆಯಾಡಿಸಿದಳು, ಮದುವೆಯಾಯಿತು, ಅಳಿಯ ಓಂಪ್ರಕಾಶ ಒಳ್ಳೆಯ ಹುಡುಗ. ಆ ಹೆಬ್ಬೆರಳನ್ನು ಮಾತ್ರ ಲಲಿತಾಬಾಯಿ ಮರೆಯಲಿಲ್ಲ.

ಹೋದ ವರ್ಷ ಮನೀಷಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವ ಮೊದಲೇ ನೋವು ಬಂದು ಹುಮನಾಬಾದಿನಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ಕೈಗಿಟ್ಟಾಗ ಲಲಿತಾಬಾಯಿ ಅಜ್ಜಿಯಾದ ಸಂತೋಷದಲ್ಲಿ ಬಟ್ಟೆ ಸರಿಸಿದಳು. ಹೆಗಲ ಮೇಲೆ, ಬೆನ್ನ ತುಂಬ, ಕಿವಿಯ ಅಂಚಿನಲ್ಲಿ ಕರಿ ನಯಗೂದಲು. ತಲೆಗೂದಲು ಹಣೆಗಿಳಿದು ಹುಬ್ಬನ್ನು ಮುಟ್ಟಿತ್ತು. ಬೇರೆ ಯಾರಾದರೂ ಆ ಪುಟ್ಟ ಮೂಗನ್ನೋ ಮುಚ್ಚಿದ ಮುಷ್ಟಿಯನ್ನೋ ನೋಡುತ್ತಿದ್ದರು. ಇವಳ ಕಣ್ಣು ತನ್ನ ಕಸುಬಿನ ಚಾಳಿ ಬಿಡಲಿಲ್ಲ. ಇಲ್ಲಿ ದಾರ, ಇಲ್ಲಿ ವ್ಯಾಕ್ಸ್, ಹಣೆಗೆ ಇನ್ನೇನು ಎಂದು ಆಗಷ್ಟೇ ಹುಟ್ಟಿದ ಜೀವದ ಮೈಮೇಲೆ ಓಡಾಡಿತು. ತನ್ನ ಮೊಮ್ಮಗಳನ್ನು ಕಂಡು ತನಗೆ ಹೇಸಿಗೆಯಾಯಿತೆಂದು ಅವಳಿಗೇ ಗೊತ್ತಾಯಿತು. ಗೊತ್ತಾದದ್ದನ್ನು ತಕ್ಷಣ ನುಂಗಿಕೊಂಡು ಕೂಸನ್ನು ಮತ್ತೆ ಬಿಗಿಯಾಗಿ ಸುತ್ತಿದಳು.

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ ಸ್ಪಷ್ಟವಾಗಿಯೇ ಹೇಳಿದರು. "ದಿನ ತುಂಬೂಕಿಂತ ಮೊದಲ ಹುಟ್ಟಿದ್ದಕ್ಕ ಈ ಕೂದಲ. ತಾವೇ ಉದುರ್ತಾವ. ಚರ್ಮ ಭಾಳ ನಾಜೂಕದ, ಏನೂ ಹಚ್ಚಿ ತಿಕ್ಕಬ್ಯಾಡ್ರಿ." ಮನೀಷಾ ಹೂಂ ಎಂದಳು. ಲಲಿತಾಬಾಯಿಯೂ ಹೂಂ ಎಂದಳು. ಮನೆ ಮುಟ್ಟುವ ಮೊದಲೇ ಫೋನು ಬಂತು, ಬಸವಕಲ್ಯಾಣದಿಂದ ಭಾಗಮ್ಮ.

"ಬಣ್ಣ ಹ್ಯಾಂಗದ್ರಿ ಬೀಗ್ತೇರ?"

"ಛಲೋ ಅದ್ರಿ. ನಿಮ್ಮ ಕಡೀದೇ ಬಣ್ಣ."

"ಮೈಮ್ಯಾಲ ಕೂದಲಾ ಗೀದಲಾ ಏನ್ ಇಲ್ಲಲ್ಲರೀ? ಹೆಣ್ಣ ಕೂಸ ಅಂತ ಕೇಳಾಕತ್ತೀನಿ."

"ಏನೇನೂ ಇಲ್ರಿ" ಎಂದಳು ಲಲಿತಾಬಾಯಿ. ತೊಟ್ಟಿಲ ಕಾರ್ಯಕ್ಕೆ ಬೀಗರೆಲ್ಲ ಬರುವವರಿದ್ದರು. ಅಷ್ಟರೊಳಗೆ ತಾನು ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತು. ಇಲ್ಲದಿದ್ದರೆ ಆ ಹೆಬ್ಬೆರಳು ಕೂಸಿನ ಬೆನ್ನ ಮೇಲೂ ಓಡಾಡುತ್ತದೆ, ಆಮೇಲೆ ತನ್ನ ಮಗಳು ಆ ಮನೆಯಲ್ಲಿ, ಬೇಮಳಖೇಡದಲ್ಲಿ ತನ್ನ ತಾಯಿ ಕೇಳಿದ ಹಾಗೆಯೇ, ಜೀವನವೆಲ್ಲ ಮಾತು ಕೇಳಬೇಕಾಗುತ್ತದೆ. ಲಲಿತಾಬಾಯಿ ಹಾಗೆಂದು ಲೆಕ್ಕ ಹಾಕಿದಳು.

ಕೂಸಿಗೆ ಎರೆಯಲು ಬೇರೆ ಹೆಂಗಸನ್ನು ಕರೆಯಲಿಲ್ಲ, ತಾನೇ ಕೂತಳು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ, ಕೂಸನ್ನು ಬೋರಲು ಹಾಕಿಕೊಂಡು, ಕೆನೆ ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಮೆಲ್ಲಗೆ ಉರುಳಿಸಿದಳು. ಹಿಟ್ಟಿಗೆ ನಾಲ್ಕು ಎಳೆ ಅಂಟಿ ಬಂದವು. ಬಂದ ಎಳೆ ನೋಡಿ ಅವಳಿಗೆ ಹುರುಪು ಹುಟ್ಟಿತು. ಹಳದಿ ಹಿಟ್ಟಿನಲ್ಲಿ ಕಪ್ಪು ಎಳೆ, ಹೊಲಸು, ಆದರೆ ಹೊರಗೆ ಬಂದ ಹೊಲಸು.

ಮಧ್ಯಾಹ್ನ ಕೂಸು ನೋಡಲು ಬಂದ ಹಜಿರಾ ಬೀ ಬಟ್ಟೆ ಬಿಚ್ಚಿ ನೋಡಿ ನಕ್ಕುಬಿಟ್ಟಳು. "ಅಗೇ ಲಲಿತಾ, ಹೊಟ್ಟ್ಯಾಗಿಂದ ಬಂದ ಕೂದಲ ಇವು, ತಾವೇ ಝಡಕೊಂಡು ಹೋಗ್ತಾವ. ನಮ್ಮ ಫೈಜಲ ಹುಟ್ಟಿದಾಗ ಮಂಗ್ಯಾನ ಮರಿ ಇದ್ದಂಗ ಇದ್ದ."

"ಅಂವಾ ಗಂಡಮಗ ಆಪಾ. ಗಂಡಮಗನ ಮೈಮ್ಯಾಲ ಕೂದಲಿದ್ರ ಯಾರ್ ಕೇಳ್ತಾರ?"

"ನಾನು ನಿನಗ ದಾರ ಹಿಡ್ಯಾಕ ಕಲಿಸಿದ್ದು ದೊಡ್ಡ ಹೆಂಗಸರ ಮುಖಕ್ಕ. ಹಸೀ ಕೂಸಿಗೆ ಅಲ್ಲ. ನಿನ್ನ ಕೈ ತಡಕೋ."

ಲಲಿತಾಬಾಯಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುದುಕಿಗೆ ಕಣ್ಣು ಮಂಜಾಗಿದೆ, ಏನು ಕಾಣುತ್ತದೆ ಎಂದುಕೊಂಡಳು.

ದಿನ ಕಳೆದಂತೆ ಅವಳ ಕೈ ಜೋರಾಯಿತು. ಒಂದು ಹೊತ್ತಿನದು ಎರಡು ಹೊತ್ತಾಯಿತು. ಗೋದಿ ಹಿಟ್ಟು ಸಾಲದೆಂದು ಮಸೂರ ಬೇಳೆಯ ತರಿ ಬೆರೆಸಿದಳು. ಬಚ್ಚಲ ಬಾಗಿಲು ಹಾಕಿಕೊಂಡು, "ಬಾಣಂತಿಗೆ ಥಂಡಿ ಹತ್ತತದ, ನೀ ಈ ಕಡಿ ಬರಬ್ಯಾಡ" ಎಂದು ಮನೀಷಾಳನ್ನು ಕೆಂಡದ ಬುಟ್ಟಿಯ ಹತ್ತಿರ ಕೂಡಿಸುತ್ತಿದ್ದಳು. ಒಳಗಿಂದ ಕೂಸಿನ ಅಳು ಕೇಳುತ್ತಿತ್ತು. "ಎಲ್ಲಾ ಕೂಸೂ ನೀರ ಹಾಕಿದ್ರ ಅಳತಾವ" ಎಂದು ಲಲಿತಾಬಾಯಿ ಒಳಗಿಂದಲೇ ಕೂಗಿ ಹೇಳುತ್ತಿದ್ದಳು. ಕೂಸು ಅತ್ತು ಅತ್ತು ದನಿ ಬಿದ್ದು, ಆಮೇಲೆ ಬಾಯಿ ತೆರೆದರೂ ಶಬ್ದ ಬರುತ್ತಿರಲಿಲ್ಲ. ಬೆನ್ನು ಕೆಂಪಗಾಯಿತು, ಹೆಗಲ ಮೇಲೆ ಸಣ್ಣ ಸಣ್ಣ ನೀರ್ಗುಳ್ಳೆ ಎದ್ದವು. ಅವಳು ಅವುಗಳ ಮೇಲೆ ಪೌಡರು ಸುರಿದು, ತೆಳ್ಳನೆ ಬಟ್ಟೆ ಸುತ್ತಿ, ಅದರ ಮೇಲೆ ದುಪ್ಪಟಿ ಸುತ್ತಿ ಹೊರಗೆ ತರುತ್ತಿದ್ದಳು, ಒದ್ದೆ ಬಟ್ಟೆಯನ್ನೂ ಮನೀಷಾಳಿಗೆ ಬಿಡದೆ ತಾನೇ ಬದಲಿಸುತ್ತಿದ್ದಳು. ಹಾಲು ಕುಡಿಸುವಾಗ ಬೆನ್ನಿಗೆ ಕೈ ಕೊಟ್ಟರೆ ಕೂಸು ಬಿಲ್ಲಿನಂತೆ ಬಾಗುತ್ತದೆಂದು ಮನೀಷಾ ಎರಡು ಸಲ ಹೇಳಿದಳು. "ಹೊಟ್ಟಿ ನೋವು ಇರಬೇಕು" ಎಂದಳು ತಾಯಿ, ಓಮದ ನೀರು ಕಾಸಲು ಎದ್ದುಹೋದಳು.

ಹೇಳಿಬಿಡಬೇಕು, ಲಲಿತಾಬಾಯಿ ಕೆಟ್ಟ ಹೆಂಗಸಲ್ಲ. ಕೂಸಿನ ಮುಖ ನೋಡಿ ಅವಳಿಗೂ ಕರುಳು ಚುರ್ ಎನ್ನುತ್ತಿತ್ತು. ಆದರೆ ಅವಳ ಪಡಸಾಲೆಯಲ್ಲಿ ನೋವೆಂದರೆ ಕೆಲಸ ಆಗುತ್ತಿದೆ ಎಂಬುದರ ಗುರುತು. ಅಳುವವರನ್ನು ಹಿಡಿದು ಕೂಡಿಸಿ ಕೆಲಸ ಮುಗಿಸಿಯೇ ಅವಳಿಗೆ ರೂಢಿ. ಆಮೇಲೆ ಕನ್ನಡಿ ಕೊಟ್ಟರೆ ಎಲ್ಲರೂ ನಗುತ್ತಾರೆ. ಆ ರೂಢಿಯೇ ಅವಳ ತಲೆಯ ಮೇಲೆ ಕೂತಿತ್ತು.

ತೊಟ್ಟಿಲ ದಿನ ಬೆಳಗ್ಗೆ ಮನೆಯಲ್ಲಿ ಹೂರಣ ಕುದಿಯುತ್ತಿತ್ತು. ಬಸವಣಪ್ಪ ಹೂವಿನ ಹಾರ ತರಲು ಪೇಟೆಗೆ ಹೋಗಿದ್ದ. ಕೂಸಿಗೆ ಹೊಸ ಅಂಗಿ ತೊಡಿಸಿ ಲಲಿತಾಬಾಯಿ ಬೆಳಕಿಗೆ ಹಿಡಿದು ನೋಡಿದಳು. ಬೆನ್ನು ಅಂಗಿಯೊಳಗೆ ಮುಚ್ಚಿತು, ಆದರೆ ಹಣೆ? ಹಣೆಯ ಮೇಲಿನ ಕೂದಲು ಹಾಗೆಯೇ ಇತ್ತು. ಎಷ್ಟು ತಿಕ್ಕಿದರೂ ಅಲ್ಲಿಂದ ಕದಲಿರಲಿಲ್ಲ. ಬೀಗರ ಜೀಪು ಇನ್ನೇನು ಬರುತ್ತದೆ. ಭಾಗಮ್ಮ ಮೊದಲು ನೋಡುವುದು ಮುಖವನ್ನೇ.

ಅವಳು ಕೂಸನ್ನು ಪಾರ್ಲರಿನ ಕುರ್ಚಿಯ ಮೇಲೆ ಮಲಗಿಸಿದಳು. ಮೂಲೆಯಿಂದ ಕ್ರೀಮಿನ ಟ್ಯೂಬು ತೆಗೆದು, ಬೆರಳ ತುದಿಗೆ ಚೂರೇ ಚೂರು ಹಿಂಡಿದಳು. ಇಷ್ಟರಿಂದ ಏನಾಗುತ್ತದೆ, ಹಚ್ಚಿ ಒರೆಸಿಬಿಡುವುದು. ಆ ಹೊಲಸು ವಾಸನೆ ಗಪ್ಪನೆ ಹಬ್ಬಿತು. ಬೆರಳು ಹಣೆಯ ಅಂಚಿಗೆ ತಾಗಿತು. ಕೂಸು ಮುಖ ಕಿವುಚಿ ಸೀನಿತು.

"ಅವ್ವಾ, ಏನದು ವಾಸನಿ?"

ಬಾಗಿಲ ಪರದೆ ಹಿಡಿದುಕೊಂಡು ಮನೀಷಾ ನಿಂತಿದ್ದಳು. ಬಾಲ್ಯದಿಂದ ಆ ವಾಸನೆಯಲ್ಲೇ ಬೆಳೆದವಳು, ಅಡುಗೆಮನೆಯ ಹೂರಣದ ಘಮದ ನಡುವೆಯೂ ಅವಳ ಮೂಗಿಗೆ ಅದು ತಪ್ಪಲಿಲ್ಲ. ತಾಯಿಯ ಬೆರಳು ನೋಡಿದಳು. ಮಗಳ ಹಣೆ ನೋಡಿದಳು. ಒಂದೇ ಹೆಜ್ಜೆಗೆ ಬಂದು ಸೆರಗಿನಿಂದ ಹಣೆ ಒರೆಸಿ, ತಂಬಿಗೆಯ ನೀರು ಸುರಿದು ಮತ್ತೆ ಒರೆಸಿದಳು. ಅಲ್ಲಿ ಆಗಲೇ ಕೆಂಪಗಿನ ಗೀರು ಮೂಡಿತ್ತು. ಕೂಸು ದನಿಯಿಲ್ಲದೆ ಅತ್ತಿತು. ಒದ್ದೆಯಾದ ಹೊಸ ಅಂಗಿ ಬಿಚ್ಚಿದಾಗ ಬಟ್ಟೆ ಬೆನ್ನಿಗೆ ಅಂಟಿ ಎದ್ದುಬಂತು. ಪೌಡರು, ಕೀವು, ಹಿಟ್ಟಿನ ಒಣ ಚೂರು ಎಲ್ಲ ಕಲಸಿಕೊಂಡ ಆ ಹಸಿ ಬೆನ್ನನ್ನು ಮನೀಷಾ ಮೊದಲ ಸಲ ಹಗಲ ಬೆಳಕಿನಲ್ಲಿ ನೋಡಿದಳು.

"ಇದೇನವ್ವಾ? ಇದೇನ ಮಾಡಿದಿ?"

"ನಿನ್ನ ಸಲುವಾಗೇ ಮಾಡೀನಿ. ನಿಮ್ಮತ್ತಿ ನೋಡಿದ್ರ..."

"ಕೈ ತಗಿ. ಕೈ ತಗಿ ಅವ್ವಾ ನನ್ನ ಕೂಸಿನ ಮ್ಯಾಲಿಂದ."

ಹೊರಗೆ ಜೀಪಿನ ಸದ್ದು. ಭಾಗಮ್ಮ ತೊಟ್ಟಿಲಿಗೆ ತಂದ ಉಡುಗೊರೆಯ ಚೀಲ ಹಿಡಿದು ಒಳಗೆ ಬಂದವಳು ಅಲ್ಲೇ ನಿಂತಳು. ಮನೀಷಾ ಅತ್ತೆಯ ಮುಂದೆ ಕೂಸಿನ ಬೆನ್ನು ತಿರುಗಿಸಿ ತೋರಿಸಿದಳು. ಭಾಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಹಸೀ ಕೂಸನ್ನ ಸುಲಿದೀರಲ್ಲರೀ ಬೀಗ್ತೇರ! ನಾವೇನ ಕೂದಲ ಎಣಿಸಾಕ ಬರಾಕತ್ತಿದ್ದೆವೇನ್ರಿ?"

ಲಲಿತಾಬಾಯಿಗೆ ಮೈಯೆಲ್ಲ ಉರಿಯಿತು. ಹೌದು, ಎಣಿಸಲಿಕ್ಕೇ ಬರುತ್ತಿದ್ದಿರಿ, ಫೋನಿನಲ್ಲಿ ಕೇಳಿದ್ದು ನೀವೇ, ನನ್ನ ಮಗಳ ತೋಳು ಸವರಿದ್ದು ನೀವೇ ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ. ಆದರೆ ತಿಕ್ಕಿದ ಕೈ ಭಾಗಮ್ಮನದಲ್ಲವಲ್ಲ. ತನ್ನ ಬೆರಳ ತುದಿಯಲ್ಲಿ ಕ್ರೀಮು ಇನ್ನೂ ಹಾಗೇ ಇತ್ತು.

ತೊಟ್ಟಿಲು ಕಟ್ಟಲಿಲ್ಲ. ಅದೇ ಜೀಪಿನಲ್ಲಿ ಕೂಸನ್ನು ಆಸ್ಪತ್ರೆಗೆ ಒಯ್ದರು. ಬೆನ್ನಿನ ಗಾಯ ಕೀವಾಗಿ ಜ್ವರ ಬಂದಿತ್ತು. ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ, "ಯಾರು ಎರೀತಿದ್ರು?" ಎಂದು ಮಾತ್ರ ಕೇಳಿದರು. "ನಾನ್ರಿ" ಎಂದು ಲಲಿತಾಬಾಯಿಯೇ ಹೇಳಿದಳು. ಆಮೇಲೆ ಅವಳನ್ನು ಒಳಗೆ ಬಿಡಲಿಲ್ಲ. ಬಿಡಬೇಡಿರೆಂದು ಮನೀಷಾ ನರ್ಸಿಗೆ ಹೇಳಿದ್ದಳು. ಹೊರಗಿನ ಬೆಂಚಿನ ಮೇಲೆ ಕೂತು ಲಲಿತಾಬಾಯಿ ಕೂಸು ಬದುಕಲಿ ಎಂದು ಬೇಡಿಕೊಂಡಳು. ಮೈತುಂಬ ಕೂದಲಿರಲಿ, ಕರಡಿಯಾಗಿ ಬೆಳೆಯಲಿ, ಬದುಕಲಿ.

ಕೂಸು ಬದುಕಿತು. ಜ್ವರ ಇಳಿದ ಮೇಲೆ ಮನೀಷಾ ಆಸ್ಪತ್ರೆಯಿಂದ ತವರಿಗೆ ಬರಲಿಲ್ಲ, ನೇರ ಬಸವಕಲ್ಯಾಣಕ್ಕೆ ಹೋದಳು. ಚೊಚ್ಚಲ ಬಾಣಂತಿ ತವರಿನ ಆರೈಕೆ ಮುಗಿಯದೆ ಗಂಡನ ಮನೆಗೆ ಹೋಗುವುದೆಂದರೆ ಊರು ಬಾಯಿಗೆ ಬಂದಂತೆ ಮಾತಾಡುತ್ತದೆ. ಮಾತಾಡಿತು. ಬಸವಣಪ್ಪ ಪಡಸಾಲೆಗೆ ಕಾಲಿಡುವುದನ್ನು ಬಿಟ್ಟು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ.

ಲಲಿತಾಬಾಯಿ ಪಾರ್ಲರ್ ಮುಚ್ಚಲಿಲ್ಲ. ಮುಚ್ಚಿದರೆ ಹಗಲಿಡೀ ಏನು ಮಾಡಬೇಕು? ಆದರೆ ಕೈಯನ್ನು ಎಷ್ಟು ಸಾಬೂನು ಹಚ್ಚಿ ತೊಳೆದರೂ ಅವಳಿಗೆ ಹಿಟ್ಟಿನ ಹುಳಿ ವಾಸನೆ ಬರುತ್ತಿತ್ತು. ಒಂದು ದಿನ ಒಬ್ಬಳು ಮಗಳನ್ನು ಕರೆತಂದಳು. ಹುಡುಗಿಗೆ ಹಾಲುಹಲ್ಲು ಬಿದ್ದು ಎರಡು ಹೊಸ ಹಲ್ಲು ಬರುತ್ತಿದ್ದವು. "ಮೀಸಿ ಕಾಣಾಕತ್ತಾವ್ರಿ, ಈಗಿಂದನ ತಗದಬಿಡ್ರಿ" ಎಂದಳು ತಾಯಿ. ಲಲಿತಾಬಾಯಿ ದಾರವನ್ನು ಹಲ್ಲಿನಲ್ಲಿ ಕಚ್ಚಿದಳು. ಹುಡುಗಿ ಮೊದಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುರ್ಚಿಯ ಕೈ ಹಿಡಿದಿತ್ತು. ದಾರ ಬಾಯಲ್ಲೇ ತೊಯ್ದು ಹೋಯಿತು, ಹುಡುಗಿಯ ತುಟಿ ಮುಟ್ಟಲು ಆಗಲಿಲ್ಲ. "ಇವತ್ತ ಆಗೂದಿಲ್ಲ ಹೋಗ್ರಿ" ಎಂದಳು. ತಾಯಿ ಮೂಗು ಮುರಿದು ಬೇರೆ ಪಾರ್ಲರಿಗೆ ಹೋದಳು. ಅಲ್ಲಿ ಆ ಕೆಲಸ ಆಗಿಯೇ ಆಗುತ್ತದೆಂದು ಲಲಿತಾಬಾಯಿಗೆ ಗೊತ್ತಿತ್ತು, ತನ್ನ ಕಸುಬೇ ಅವಳಿಗೆ ಹೇಸಿಗೆಯಾಯಿತು.

ಹಜಿರಾ ಬೀಯೇ ಕೊನೆಗೆ ಹೇಳಿದಳು. "ಇಲ್ಲಿ ಕುಂತು ಕೈ ತೊಳಕೋತ ಇದ್ರ ಏನಾಗತದ? ಹೋಗಿ ಬಾ. ಬೈದ್ರ ಬೈಸಿಕೊಂಡು ಬಾ."

ಲಲಿತಾಬಾಯಿ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದಳು. ಬೀಗರ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿಂದ ನೀರು ಕಾಯುವ ಹೊಗೆಯ ವಾಸನೆ ಬರುತ್ತಿತ್ತು. ಯಾರೂ ಕಾಣದೆ ಅವಳು ಹಿತ್ತಲಿನವರೆಗೂ ನಡೆದಳು. ಬಚ್ಚಲಲ್ಲಿ ಭಾಗಮ್ಮ ಕಾಲು ನೀಡಿ ಕೂತಿದ್ದಳು. ಕಾಲ ಮೇಲೆ ಕೂಸು ಬೋರಲು ಮಲಗಿತ್ತು, ತುಂಬಿಕೊಂಡಿತ್ತು. ಬೆನ್ನ ಮೇಲೆ ಈಗ ಕೂದಲಿರಲಿಲ್ಲ, ಡಾಕ್ಟರಮ್ಮ ಹೇಳಿದಂತೆ ತಾವೇ ಉದುರಿಹೋಗಿದ್ದವು. ಎರಡು ಹೆಗಲಿನ ನಡುವೆ ಮಾತ್ರ ಅಂಗೈಯಗಲದ ಕಪ್ಪು ಕಲೆ ಉಳಿದಿತ್ತು. ಅದು ಯಾವ ಅಂಗೈಯದೆಂದು ಲಲಿತಾಬಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಭಾಗಮ್ಮನ ಪಕ್ಕದ ತಾಟಿನಲ್ಲಿ ಹಳದಿ ಹಿಟ್ಟಿನ ಉಂಡೆ ಇತ್ತು.

ನೋಡಿದ್ದೇ ಲಲಿತಾಬಾಯಿ ಮುಂದೆ ನುಗ್ಗಿದಳು. "ಅದನ್ನ ತಗೀರಿ" ಎಂದು ಕೂಗಿದಳು. "ಮದಲ ಆ ಹಿಟ್ಟು ಒಗೀರಿ!"

ಭಾಗಮ್ಮ ಬೆಚ್ಚಿ ತಿರುಗಿದಳು. "ಬರ್ರಿ ಬರ್ರಿ. ಇದು ಮೆತ್ತಗಿನ ಹಿಟ್ಟರೀ. ಕಿವಿ ಮ್ಯಾಲ ಒಂದೀಟು ಉಳದಾವ, ಹಗೂರಕ ಒರಸಾಕತ್ತೀನಿ. ನಾವು ನಿಮ್ಮಂಗ ಸುಲಿಯೂದಿಲ್ಲ."

"ನಾನೂ ಮದಲಿಗೆ ಹಗೂರಕೇ ಒರಸಿದ್ದೆ."

"ನೀವು ಹೇಳ್ತೀರೇನ್ರಿ ನಮಗ? ನೀವು?"

"ನಾನೇ ಹೇಳಬೇಕ್ರಿ. ಹ್ಯಾಂಗ ಸುರು ಆಗತದ ಅಂತ ನನಗಷ್ಟ ಯಾರಿಗೂ ಗೊತ್ತಿಲ್ಲ."

ಅವಳು ಬಗ್ಗಿ ತಾಟನ್ನು ಎತ್ತಿಕೊಂಡಳು. ಭಾಗಮ್ಮ ಇನ್ನೊಂದು ಅಂಚು ಹಿಡಿದಳು. ಇಬ್ಬರು ಅಜ್ಜಿಯರು ಕೂಸಿನ ತಲೆಯ ಮೇಲೆ ಹಿಟ್ಟಿನ ತಾಟು ಜಗ್ಗಾಡುತ್ತಿರುವಾಗ ಒಳಗಿಂದ ಮನೀಷಾ ಓಡಿಬಂದಳು. ಕೂದಲು ಕೆದರಿತ್ತು, ತೋಳು ಮೊಣಕೈವರೆಗೆ ಬರಿದಾಗಿತ್ತು, ಅದರ ಮೇಲೆ ಕೂದಲು ಬೆಳೆದುಕೊಂಡಿತ್ತು. ಬಹಳ ದಿನದಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಅವಳು ಇಬ್ಬರ ಮುಖವನ್ನೂ ನೋಡಿದಳು, ತಾಟನ್ನು ಕಸಿದು ಹಿಟ್ಟನ್ನು ಗಟಾರಕ್ಕೆ ಒಗೆದಳು.

"ನಾನು ಒಳಗ ಹೋಗೂದ ತಡ ಹಿಟ್ಟು ಹೊರಗ ಬರತದಲ್ಲ ಅತ್ತಿ. ಏಳ್ರಿ."

ಭಾಗಮ್ಮ ಗೊಣಗುತ್ತ ಎದ್ದಳು. ಮನೀಷಾ ಆ ಜಾಗದಲ್ಲಿ ತಾನೇ ಕಾಲು ನೀಡಿ ಕೂತು ಕೂಸನ್ನು ಹಾಕಿಕೊಂಡಳು. ಬರಿಗೈಯಿಂದ ಮೆಲ್ಲಗೆ ನೀರು ಸವರಿದಳು. ಕೂಸು ಅಳಲಿಲ್ಲ, ಕತ್ತೆತ್ತಿ ಬಾಗಿಲಲ್ಲಿ ನಿಂತ ಹೊಸ ಹೆಂಗಸನ್ನು ನೋಡಿತು. ಲಲಿತಾಬಾಯಿಗೆ ಅದರ ಕೆನ್ನೆ ಮುಟ್ಟಬೇಕೆನ್ನಿಸಿತು. ಕೈ ಮುಂದೆ ಬಂತು. ಮಗಳ ತೋಳು ತಾನಾಗಿಯೇ ಎದ್ದು ಕೂಸಿಗೆ ಅಡ್ಡವಾಯಿತು.

"ಅವ್ವಾ, ನೀರ ಬೆರಸಿ ಕೊಡು" ಎಂದಳು ಮನೀಷಾ ತಲೆಯೆತ್ತದೆ. "ಕೂಸಿಗೆ ಮಾತ್ರ ಕೈ ಹಚ್ಚಬ್ಯಾಡ."

ಲಲಿತಾಬಾಯಿ ಹಂಡೆಯಿಂದ ಬಿಸಿನೀರು ತೋಡಿ ಬಕೆಟ್ಟಿನ ತಣ್ಣೀರಿಗೆ ಸುರಿದಳು. ಬಿಸಿ ಎಷ್ಟಿದೆಯೆಂದು ನೋಡಲು ಅದರೊಳಗೆ ಬೆರಳಿಡಲು ಹೋದವಳು ತಡೆದು ನಿಂತಳು. ಆಮೇಲೆ ತಂಬಿಗೆ ತುಂಬಿ ಮಗಳ ಮುಂದೆ ಇಟ್ಟು, "ನೀನೇ ನೋಡವಾ, ಸಾಕೇನು" ಎಂದಳು.